ಮೇಷ್ಟ್ರು ಓದಿದ ಮೊದಲ ಕಾನೂನು

ಆ ದಿನವೂ ತಂಗಿ ಎಂದಿನ ಹಾಗೆ ಒಲೆ ಹಚ್ಚಿದಳು, ಎಂದಿನ ಹಾಗೆ ರೊಟ್ಟಿ ತಟ್ಟಿದಳು, ಇಬ್ಬರಿಗೆ ಬಡಿಸಿ ಒಬ್ಬಳೇ ಉಂಡಳು. ಎದುರಿನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಿಟಕಿಯಿಲ್ಲದ ಮನೆಗೆ ನಡೆದಳು. ಅಲ್ಲಿಯ ಕಾವಲಿನವನು ಎಂದಿನ ಹಾಗೆ ಆಕಳಿಸುತ್ತ ಗಂಟು ಬಿಚ್ಚಿ ನೋಡಿ, ರೊಟ್ಟಿಯನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ತಳ್ಳಿದ. ಒಳಗಿನಿಂದ ಅಕ್ಕನ ಬೆರಳುಗಳು ಬಂದು ಅದನ್ನು ಎಳೆದುಕೊಂಡವು. ಅಕ್ಕನನ್ನು ಹಿಡಿದುಕೊಂಡು ಹೋದ ಮೇಲೆ ತಂಗಿ ನೋಡಿದ್ದು ಆ ಬೆರಳುಗಳನ್ನಷ್ಟೇ.

"ಇವತ್ತು ನೀನು ಹೊರಗೆ ಬರ್ತೀಯಕ್ಕ," ಎಂದಳು ತಂಗಿ, ಬಾಗಿಲಿಗೆ ಬಾಯಿ ತಾಗಿಸಿ. "ಬಾಗಿಲು ತೆಗೆಯೋ ಕಾನೂನನ್ನ ಇವತ್ತೇ ಓದ್ತಾರೆ."

"ಓದೋದು ಯಾರು?"

"ನಮ್ಮ ಮೇಷ್ಟ್ರು."

ಒಳಗೆ ರೊಟ್ಟಿ ಮುರಿದ ಸದ್ದಾಯಿತು. ಆಮೇಲೆ ಅಕ್ಕ ಹೇಳಿದಳು: "ಹಾಗಾದ್ರೆ ಹೋಗೋ ಮುಂಚೆ ಹಂಡೆ ತುಂಬ ನೀರು ಕಾಯಕ್ಕಿಡು. ತಲೆ ತೊಳ್ಕೋಬೇಕು. ತುಂಬಾ ಕಡೀತಿದೆ."

ತಂಗಿ ಮನೆಗೆ ಹಿಂತಿರುಗಿ ಹಂಡೆಗೆ ನೀರು ಸುರಿದು, ಕೆಳಗೆ ದಪ್ಪ ಸೌದೆಗಳನ್ನು ಒಟ್ಟಿ, ಚೌಕದ ಕಡೆಗೆ ಹೊರಟಳು.

ಆ ಊರಿನಲ್ಲಿ ಕಾನೂನನ್ನು ಕುಡಿಯುತ್ತಿದ್ದರು. ಎತ್ತರದ ಮನೆಯವರು ಹೊಸ ಕಾನೂನು ಮಾಡಿದಾಗ ಪ್ರಾಯಕ್ಕೆ ಬಂದವರೆಲ್ಲ ಚೌಕದಲ್ಲಿ ಸೇರಬೇಕು. ಸಾಲಾಗಿಟ್ಟ ಕೊಪ್ಪರಿಗೆಗಳಿಂದ ಒಬ್ಬೊಬ್ಬರೂ ಬಾಯಿ ತುಂಬ ನೀರು ತೆಗೆದುಕೊಳ್ಳಬೇಕು. ಓದುವವನು ಕಟ್ಟೆ ಹತ್ತಿ ಕಾನೂನನ್ನು ಓದುತ್ತಾನೆ. ಓದು ಮುಗಿದು ನಗಾರಿ ಬಾರಿಸಿದಾಗ ಎಲ್ಲರೂ ನುಂಗುತ್ತಾರೆ. ನುಂಗಿದ ಮೇಲೆ ಅದು ಮೈಯ ಒಳಗಿನದು. ಇನ್ನು ಯಾರೂ ಅದನ್ನು ಹೊರಗೆ ತೆಗೆಯಲಾರರು. ಆದರೆ ನಗಾರಿಗೆ ಮೊದಲು ಒಬ್ಬರೇ ಒಬ್ಬರು ಬಾಯಿಯ ನೀರನ್ನು ನೆಲಕ್ಕೆ ಉಗುಳಿದರೂ ಸಾಕು, ಆ ಕಾನೂನು ಬಿದ್ದುಹೋಗುತ್ತದೆ. ಇದು ಊರು ಹುಟ್ಟಿದಾಗಿನಿಂದ ಇದ್ದ ಪದ್ಧತಿ.

ಇದರ ಬೆನ್ನಿಗೆ ಎತ್ತರದ ಮನೆಯವರು ಇನ್ನೊಂದು ಪದ್ಧತಿಯನ್ನು ಸೇರಿಸಿದ್ದರು. ಉಗುಳಿದವರನ್ನು ಕಿಟಕಿಯಿಲ್ಲದ ಮನೆಗೆ ಕರೆದೊಯ್ದು, ಯಾಕೆ ಉಗುಳಿದೆ ಎಂದು ಕೇಳುತ್ತಿದ್ದರು. ತಮಗೆ ಒಪ್ಪಿಗೆಯಾಗುವ ಕಾರಣ ಸಿಗುವವರೆಗೂ ಕೇಳುತ್ತಿದ್ದರು. ಅಂಥ ಕಾರಣ ಇದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಹಿಂದೊಮ್ಮೆ ಮಾವಿನಹಣ್ಣಿನ ಸುಂಕದ ಕಾನೂನು ಓದುವಾಗ ಮುದುಕನೊಬ್ಬ ಸೀನಿಬಿಟ್ಟ. ಕಾನೂನು ಬಿತ್ತು, ಹಣ್ಣು ಅಗ್ಗವಾಯಿತು, ಊರೆಲ್ಲ ಹಣ್ಣು ತಿಂದಿತು. ಯಾಕೆ ಸೀನಿದೆ ಎಂದು ಆ ಮುದುಕನನ್ನು ಇನ್ನೂ ಕೇಳುತ್ತಲೇ ಇದ್ದಾರೆ.

ಇಂಥ ಊರಿನಲ್ಲಿ ಮೇಷ್ಟ್ರು ಕಾನೂನಿನ ಪಾಠ ಹೇಳುತ್ತಿದ್ದರು. ಅವರ ತರಗತಿಯಲ್ಲಿ ಕೂತವರು ಪಾಠ ಮುಗಿಯುವವರೆಗೂ ಬಾಯಲ್ಲಿ ನೀರು ಹಿಡಿದಿರಬೇಕಾಗಿತ್ತು. ಕೆನ್ನೆ ನೋಯುತ್ತಿತ್ತು, ಮೂಗು ತುರಿಸುತ್ತಿತ್ತು, ಪಕ್ಕದವರು ಕಣ್ಣು ಹೊಡೆದು ನಗಿಸುತ್ತಿದ್ದರು. ಮೇಷ್ಟ್ರು ಬೆಂಚುಗಳ ನಡುವೆ ನಿಧಾನವಾಗಿ ಅಡ್ಡಾಡುತ್ತ ಹೇಳುತ್ತಿದ್ದರು: "ನೀರು ನಿಮ್ಮದು. ಅದನ್ನು ಉಗುಳಲಿಕ್ಕೆ ಕಾರಣ ಕೊಡಬೇಕಾಗಿಲ್ಲ. ಕಾರಣ ಕೇಳುವುದು ಆಮೇಲೆ ಬಂದ ಚಾಳಿ, ಮೂಲದಲ್ಲಿ ಇಲ್ಲ. ಮತ್ತೆ, ಕೊನೆಯ ಮಾತು ಕಿವಿಗೆ ಬೀಳುವವರೆಗೂ ನುಂಗಬೇಡಿ. ಕಾನೂನು ಕಚ್ಚುವುದು ಕೊನೆಯ ಸಾಲಿನಲ್ಲಿ."

ತಂಗಿ ಆ ತರಗತಿಯಲ್ಲಿ ಓದಿದವಳು. ಸಂತೆಯಲ್ಲಿ ಸೊಪ್ಪು ಮಾರಿ ಅವಳನ್ನು ಓದಿಸಿದವಳು ಅಕ್ಕ. ಸಂಜೆ ಕಟ್ಟುಗಳೆಲ್ಲ ಖಾಲಿಯಾದ ಮೇಲೆ ಅಕ್ಕ ತರಗತಿಯ ಬಾಗಿಲ ಹೊರಗೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ತಾನೂ ಪಾಠ ಕೇಳುತ್ತಿದ್ದಳು. ಮೇಷ್ಟ್ರು ಒಮ್ಮೆ ಅವಳನ್ನು ನೋಡಿ, "ಒಳಗೆ ಬಾಮ್ಮ," ಎಂದರು. "ಬ್ಯಾಡಿ ಮೇಷ್ಟ್ರೇ, ಕಾಲೆಲ್ಲ ಕೆಸರು," ಎಂದಳು ಅಕ್ಕ. "ಇಲ್ಲಿಗೂ ಚೆನ್ನಾಗೇ ಕೇಳಿಸ್ತದೆ."

ಒಂದು ವರ್ಷ ಕೆರೆಯ ಕಾನೂನು ಬಂತು. ಊರ ಕೆರೆ ಇನ್ನು ಮುಂದೆ ಎತ್ತರದ ಮನೆಗೆ ಸೇರತಕ್ಕದ್ದು ಎಂದು ಅದರಲ್ಲಿತ್ತು. ಮೇಷ್ಟ್ರು ಪಾಠ ನಿಲ್ಲಿಸಿ ಬೀದಿಗೆ ಇಳಿದರು. ಮನೆ ಮನೆಗೆ ಹೋದರು, ಜಗಲಿ ಜಗಲಿಯಲ್ಲಿ ಕೂತರು. "ಒಬ್ಬರು ಉಗುಳಿದರೆ ಒಬ್ಬರನ್ನು ಒಯ್ಯುತ್ತಾರೆ. ಊರೇ ಉಗುಳಿದರೆ ಯಾರನ್ನು ಒಯ್ಯುತ್ತಾರೆ? ಮೊದಲು ನಾನು ಉಗುಳುತ್ತೇನೆ. ನನ್ನ ಹಿಂದೆಯೇ ನೀವೆಲ್ಲ ಉಗುಳಿ," ಎಂದರು. ಊರು ಒಪ್ಪಿತು.

ಓದುವ ದಿನ ಬಂತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೆನ್ನೆ ಉಬ್ಬಿಸಿಕೊಂಡು ನಿಂತರು. ಓದು ಕೊನೆಯ ಸಾಲಿಗೆ ಬಂತು. ಕೊನೆಯ ಸಾಲೂ ಮುಗಿಯಿತು. ನಗಾರಿಯವನು ಕೋಲು ಎತ್ತಿದ. ಊರೆಲ್ಲ ಮೇಷ್ಟ್ರ ಬೆನ್ನನ್ನೇ ನೋಡುತ್ತಿತ್ತು. ಮೇಷ್ಟ್ರು ಉಗುಳಲಿಲ್ಲ. ಕೋಲು ಇಳಿಯುವುದಕ್ಕೆ ಮೊದಲು ಹಿಂದಿನ ಸಾಲಿನಿಂದ ಅಕ್ಕ ಉಗುಳಿದಳು. ಆಮೇಲೆ ಮೇಷ್ಟ್ರೂ ಉಗುಳಿದರು, ಊರೂ ಉಗುಳಿತು, ಚೌಕ ಕೆಸರಾಯಿತು, ಕೆರೆ ಉಳಿಯಿತು.

ಕಾವಲಿನವರು ಬಂದು ಅಕ್ಕನ ತೋಳು ಹಿಡಿದರು. "ಊರೇ ಉಗುಳಿದೆ, ಅವಳನ್ನೊಬ್ಬಳನ್ನೇ ಯಾಕೆ?" ಎಂದು ಜನ ಕೇಳಿದರು. ಕಾವಲಿನ ಹಿರಿಯ ನಕ್ಕು ಹೇಳಿದ: "ಮೊದಲನೆಯ ಉಗುಳಿಗೇ ಕಾನೂನು ಬಿತ್ತಲ್ಲ. ಬಿದ್ದುಹೋದದ್ದನ್ನು ನೀವು ಇನ್ನೆಲ್ಲಿ ಬೀಳಿಸ್ತೀರಿ? ನಿಮ್ಮದೆಲ್ಲ ಬರೀ ನೀರು. ಬೇಕಾದ್ರೆ ನಿಮ್ಮ ಮೇಷ್ಟ್ರನ್ನೇ ಕೇಳಿ."

ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿ, "ಪದ್ಧತಿಯ ಪ್ರಕಾರ ಅದು ಸರಿ," ಎಂದರು.

ಆಮೇಲೆ ಅವರು ಎತ್ತರದ ಮನೆಯ ಮೆಟ್ಟಿಲ ಮೇಲೆ ಕೂತರು. ಅಕ್ಕನನ್ನು ಬಿಡುವವರೆಗೂ ಏಳುವುದಿಲ್ಲ ಎಂದರು. ಬಿಸಿಲಲ್ಲಿ ಕೂತರು, ಚಳಿಯಲ್ಲಿ ಕೂತರು. ಜನ ಬುತ್ತಿ ತಂದುಕೊಟ್ಟರು, ಕೊಡೆ ಹಿಡಿದರು, ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬೇರೆ ಊರುಗಳಿಂದ ನೋಡಲು ಬಂದರು. ಮೆಟ್ಟಿಲ ಮೇಲೆ ಕೂತ ಮೇಷ್ಟ್ರು ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ಅವರು ಯಾರಿಗಾಗಿ ಕೂತಿದ್ದಾರೆ ಎಂದು ಕೇಳಿದರೆ ಮಾತ್ರ ಕೆಲವರು ಯೋಚಿಸಿ ಹೇಳಬೇಕಾಗುತ್ತಿತ್ತು.

ಒಂದು ದಿನ ಮೇಲಿನ ಬಾಗಿಲು ತೆರೆಯಿತು. ಎತ್ತರದ ಮನೆಯ ಯಜಮಾನ ಹೊರಗೆ ಬಂದು, "ಬಿಸಿಲಲ್ಲಿ ಯಾಕೆ ಕೂತಿದ್ದೀರಿ ಮೇಷ್ಟ್ರೇ, ಒಳಗೆ ಬನ್ನಿ. ನಮ್ಮ ಓದುವವನಿಗೆ ವಯಸ್ಸಾಯಿತು, ಗಂಟಲು ಬಿದ್ದಿದೆ. ನಿಮಗಿಂತ ಚೆನ್ನಾಗಿ ಓದುವವರು ಯಾರಿದ್ದಾರೆ?" ಎಂದ.

ಮೇಷ್ಟ್ರು ಹೋಗುವ ಮುಂಚೆ ತಂಗಿಯನ್ನು ಕರೆದು ಹೇಳಿದರು: "ಹೊರಗೆ ಕೂತವನು ಬಾಗಿಲು ತಟ್ಟಬಹುದು ಅಷ್ಟೇ ಕಣಮ್ಮ. ನಿನ್ನಕ್ಕನಿಗಾಗಿ ಹೋಗುತ್ತಿದ್ದೇನೆ."

ತಂಗಿ ಅವರ ಕೊಡೆಯನ್ನು ಮಡಿಸಿ ಕೈಗೆ ಕೊಟ್ಟಳು. ಊರು ಅವತ್ತು ಹಬ್ಬ ಮಾಡಿತು. ನಮ್ಮವರೊಬ್ಬರು ಒಳಗೆ ಹೋದರು ಎಂದು ಬೀದಿ ಬೀದಿಯಲ್ಲಿ ಪಾನಕ ಹಂಚಿದರು.

ಮೊದಮೊದಲು ತಂಗಿ ಎತ್ತರದ ಮನೆಯ ಹಿಂಬಾಗಿಲಿಗೆ ಹೋದರೆ ಮೇಷ್ಟ್ರೇ ಬಂದು ಮಾತಾಡಿಸುತ್ತಿದ್ದರು. ಆಮೇಲೆ ಕಾಯಬೇಕಾಗುತ್ತಿತ್ತು. ಆಮೇಲೆ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಮೇಷ್ಟ್ರ ಮೈಮೇಲೆ ಒಳ್ಳೆಯ ಶಾಲು ಬಂದಿತ್ತು. ಧ್ವನಿ ಮಾತ್ರ ಹಳೆಯದೇ, ತರಗತಿಯದೇ.

"ಬಾಗಿಲು ಯಾವಾಗ ತೆಗೀತೀರಿ ಮೇಷ್ಟ್ರೇ?"

"ತೆಗೆಯಲು ನಾನು ಯಾರು? ಬಾಗಿಲನ್ನು ಕಾನೂನು ತೆಗೆಯಬೇಕು. ಒಬ್ಬನ ಕೈ ತೆಗೆದ ಬಾಗಿಲನ್ನು ನಾಳೆ ಇನ್ನೊಬ್ಬನ ಕೈ ಮುಚ್ಚುತ್ತದೆ. ಇದನ್ನು ನಾನೇ ನಿಮಗೆ ಕಲಿಸಿದ್ದೆನಲ್ಲ."

"ಅಕ್ಕ ಕೆಮ್ತಿದ್ದಾಳೆ."

"ನನ್ನ ಕೈಯಲ್ಲಿ ಏನೂ ಇಲ್ಲಮ್ಮ. ಕಾನೂನು ತಯಾರಾಗುತ್ತಿದೆ. ಸ್ವಲ್ಪ ತಾಳು."

ತಂಗಿ ತಾಳಿದಳು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಬರುತ್ತಿರಲಿಲ್ಲ. ತಪ್ಪು ಹುಡುಕುವುದನ್ನು ಅವಳಿಗೆ ಕಲಿಸಿದ್ದೂ ಅವರೇ.

ಹಾಗೆ ತಾಳಿದ ತಾಳ್ಮೆಯ ಕೊನೆಯ ದಿನ ಇದು. ಚೌಕದಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಕೊಪ್ಪರಿಗೆಗಳ ಹತ್ತಿರ ಬಳೆ ಮಾರುವವಳು ತಂಗಿಯ ಕೆನ್ನೆ ಹಿಂಡಿ, "ಏನೇ, ಇವತ್ತು ಅಕ್ಕನ ಕೈಗೆ ನನ್ನ ಅಂಗಡಿ ಬಳೆ, ತಿಳೀತಾ? ಕಾಸು ಗೀಸು ಅಂದ್ರೆ ನೋಡು," ಎಂದಳು.

ಗಾಣದವನು ಹಿಂದಿನಿಂದ, "ನೀನು ಪುಕ್ಕಟೆ ಬಳೆ ಕೊಡ್ತೀಯ ಅಂದ್ರೆ ಕಾನೂನಿಗಿಂತ ದೊಡ್ಡ ಸುದ್ದಿ ಅದು," ಎಂದ.

"ನೀನು ಬಾಯಿ ತುಂಬ ನೀರು ತಗೋ ಮೊದಲು. ಹಾಗಾದ್ರೂ ಸುಮ್ಮನಿರ್ತೀಯ."

ಎಲ್ಲರೂ ನಕ್ಕರು. ನಗುತ್ತಲೇ ಬಾಯಿಗೆ ನೀರು ತೆಗೆದುಕೊಂಡರು. ಊರಿಗೆ ಊರೇ ಕೆನ್ನೆ ಉಬ್ಬಿಸಿಕೊಂಡು ಮೌನವಾಯಿತು. ಮೇಷ್ಟ್ರು ಕಟ್ಟೆ ಹತ್ತಿದರು.

"ಊರಿನ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ," ಎಂದು ಮೇಷ್ಟ್ರು ಶುರುಮಾಡಿದರು. "ಕಿಟಕಿಯಿಲ್ಲದ ಮನೆಯ ಬಾಗಿಲನ್ನು ಈ ದಿನ ಸೂರ್ಯ ಮುಳುಗುವುದರೊಳಗೆ ತೆರೆಯತಕ್ಕದ್ದು. ಒಳಗಿರುವ ಎಲ್ಲರನ್ನೂ ಅವರವರ ಮನೆಗೆ ಕಳುಹಿಸತಕ್ಕದ್ದು."

ಅಷ್ಟೇ ಸಾಕಾಯಿತು. ಬಳೆ ಮಾರುವವಳು ನುಂಗಿದಳು. ಗಾಣದವನು ನುಂಗಿದ. ಮುಂದಿನ ಸಾಲು ನುಂಗಿತು, ಹಿಂದಿನ ಸಾಲು ನುಂಗಿತು, ಮೇಷ್ಟ್ರ ತರಗತಿಯಲ್ಲಿ ಕೂತವರೂ ನುಂಗಿದರು. ಓದುತ್ತಿರುವವರು ನಮ್ಮ ಮೇಷ್ಟ್ರು. ಕೊನೆಯವರೆಗೂ ಕಾದರೆ ಅವರನ್ನು ನಂಬಲಿಲ್ಲ ಎಂದ ಹಾಗಾಗುತ್ತದಲ್ಲ ಎಂದು ನುಂಗಿದರು. ಬೇಗ ನುಂಗುವುದೇ ಅವರಿಗೆ ಕೊಡುವ ಮರ್ಯಾದೆ ಎಂದು ನುಂಗಿದರು. ಬಾಯಿ ಖಾಲಿಯಾದದ್ದೇ ತಡ, ಜೈಕಾರ ಶುರುವಾಯಿತು. ಸಿಳ್ಳೆ ಹೊಡೆದರು, ರುಮಾಲು ಹಾರಿಸಿದರು, ಪಕ್ಕದವರನ್ನು ತಬ್ಬಿಕೊಂಡರು.

ಮೇಷ್ಟ್ರು ಓದುತ್ತಲೇ ಇದ್ದರು.

ತಂಗಿ ನುಂಗಲಿಲ್ಲ. ಅವಳಿಗೆ ನಂಬಿಕೆ ಕಡಿಮೆ ಇತ್ತೆಂದಲ್ಲ. ಅವಳ ಗಂಟಲು ಅವರ ಪಾಠದಲ್ಲಿ ಪಳಗಿದ್ದು, ಕೊನೆಯ ಮಾತು ಬರದೆ ತೆರೆಯುತ್ತಿರಲಿಲ್ಲ. ಜೈಕಾರದ ಸದ್ದಿನಲ್ಲಿ ಅವಳು ಮೇಷ್ಟ್ರ ತುಟಿಗಳನ್ನೇ ನೋಡುತ್ತ ಕಟ್ಟೆಯ ಕಡೆಗೆ ಸರಿದಳು. ಹತ್ತಿರ ಹೋದಾಗ ಮಾತು ಕೇಳಿಸಿತು.

"ಇನ್ನು ಮುಂದೆ ಉಗುಳಿದ ಕಾರಣಕ್ಕೆ ಯಾರನ್ನೂ ಒಳಗೆ ಹಾಕತಕ್ಕದ್ದಲ್ಲ. ಅದಕ್ಕೆ ಅವಕಾಶವೇ ಬಾರದಂತೆ, ಇನ್ನು ಮುಂದೆ ಊರಿನ ಜನ ಬಾಯಲ್ಲಿ ನೀರು ಹಿಡಿಯತಕ್ಕದ್ದಲ್ಲ. ಎಲ್ಲರ ಪರವಾಗಿ ಎತ್ತರದ ಮನೆಯವರೇ ನೀರು ಹಿಡಿಯುವರು. ಎಲ್ಲರ ಪರವಾಗಿ ಎತ್ತರದ ಮನೆಯವರೇ ನುಂಗುವರು."

ಓದು ಮುಗಿಯಿತು. ನಗಾರಿಯವನು ಕೋಲು ಎತ್ತಿದ. ಮೇಷ್ಟ್ರು ತಲೆಯೆತ್ತಿದರು, ಊರಿನ ನಗುವ ಬಾಯಿಗಳ ನಡುವೆ ಉಬ್ಬಿದ ಒಂದು ಜೊತೆ ಕೆನ್ನೆಗಳನ್ನು ಕಂಡರು. ಕೈ ಎತ್ತಿ ನಗಾರಿಯವನನ್ನು ತಡೆದರು. ಅವರ ಮುಖದಲ್ಲಿ ಗಾಬರಿಯಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ಇರುತ್ತಿದ್ದಂಥ ಶಾಂತಿಯಿತ್ತು.

ಬಾಯಲ್ಲಿನ ನೀರು ಬೆಚ್ಚಗಾಗಿತ್ತು. ನುಂಗಿದರೆ ಅಕ್ಕ ಬರುತ್ತಾಳೆ. ನುಂಗಿದರೆ ಇವತ್ತು ಸಂಜೆ ಅಕ್ಕ ಬಚ್ಚಲ ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸುತ್ತಾಳೆ, ನಾನು ನೀರು ಹೊಯ್ಯುತ್ತೇನೆ, ಸೀಗೆಪುಡಿ ಉಜ್ಜುತ್ತೇನೆ. ನುಂಗಿದರೆ ಎದುರಿನ ತಟ್ಟೆಯಲ್ಲಿ ಉಣ್ಣುವವರಿರುತ್ತಾರೆ. ನುಂಗಿದರೆ ನಾಳೆ ಕೆರೆಯ ಕಾನೂನು ಮತ್ತೆ ಬರುತ್ತದೆ, ಅದರ ಹಿಂದೆ ಹೊಲದ್ದು, ಅದರ ಹಿಂದೆ ಬಾವಿಯದ್ದು; ಆಗ ಯಾರ ಬಾಯಲ್ಲೂ ನೀರಿರುವುದಿಲ್ಲ.

ಆಗ ಅವಳಿಗೆ ಹೊಳೆಯಿತು. ಬಾಗಿಲು ತೆಗೆಯುವುದಕ್ಕೂ ಬಾಯಿಯ ನೀರು ಕಸಿಯುವುದಕ್ಕೂ ಏನೂ ಸಂಬಂಧವಿಲ್ಲ. ಎರಡು ಕಾನೂನುಗಳಾಗಬೇಕಾದದ್ದನ್ನು ಒಂದಾಗಿ ಹೊಲಿದಿದ್ದಾರೆ. ಕೊನೆಯ ಸಾಲಿನವರೆಗೂ ಕಾಯುವವರು ಯಾರು ಎಂದು ಹೊಲಿದವರಿಗೆ ಗೊತ್ತಿತ್ತು. ಆ ಒಂದು ಬಾಯಿಯನ್ನು ಮುಚ್ಚಲೆಂದೇ ಅಕ್ಕನನ್ನು ತಂದು ಕಾನೂನಿನ ಮೊದಲ ಸಾಲಿನಲ್ಲಿ ಇಟ್ಟಿದ್ದಾರೆ. ಬಿಸಿಲಲ್ಲಿ, ಚಳಿಯಲ್ಲಿ ಅಕ್ಕನ ಹೆಸರು ಹೇಳಿಕೊಂಡು ಕೂತವರು, ಅಕ್ಕನನ್ನು ಗಾಳಕ್ಕೆ ಸಿಕ್ಕಿಸಿದ್ದಾರೆ.

ತಂಗಿ ಮೇಷ್ಟ್ರನ್ನೇ ನೋಡುತ್ತ, ಅವರ ಕಾಲ ಬುಡದ ನೆಲಕ್ಕೆ ಉಗುಳಿದಳು.

ಜೈಕಾರ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನಿಧಾನವಾಗಿ ಸತ್ತಿತು. ಏನಾಯಿತೆಂದು ತಿಳಿದ ಮೇಲೆ ಬೈಗುಳ ಎದ್ದಿತು. ಬಳೆ ಮಾರುವವಳು ಜನರನ್ನು ನೂಕಿಕೊಂಡು ಬಂದು ತಂಗಿಯ ಸೆರಗು ಹಿಡಿದು ಎಳೆದಳು. "ಅಕ್ಕನ ಬಾಗಿಲನ್ನ ನೀನೇ ಮುಚ್ಚಿದೆಯಲ್ಲೇ. ಸೊಪ್ಪು ಮಾರಿ ಸಾಕಿದಳಲ್ಲೇ ನಿನ್ನ. ನಿನ್ನ ಎದೇಲಿ ಇರೋದು ಕಲ್ಲಾ?"

"ಕೊನೆಯಲ್ಲಿ ಏನು ಓದಿದರು, ಹೇಳಿ ನೋಡೋಣ," ಎಂದಳು ತಂಗಿ.

ಬಳೆ ಮಾರುವವಳು ಗಾಣದವನನ್ನು ನೋಡಿದಳು. ಗಾಣದವನು ಪಕ್ಕದವನನ್ನು ನೋಡಿದ. "ಬಾಗಿಲು ತೆಗೀತಾರೆ ಅಂತ ಓದಿದ್ರು," ಎಂದ ಅವನು. "ಆಮೇಲೆ?" ಎಂದಳು ತಂಗಿ. "ಆಮೇಲೆ ಏನು ಬೇಕು?" ಎಂದು ಅವನು ತಿರುಗಿ ಕೇಳಿದ. ಅವನ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

ಮೇಷ್ಟ್ರು ಕಟ್ಟೆಯಿಂದ ಇಳಿದು ಬಂದರು. ಒದ್ದೆ ನೆಲವನ್ನು ತುಳಿಯದೆ ಬಳಸಿಕೊಂಡು ಬಂದರು.

"ಕಾನೂನು ಬಿತ್ತು," ಎಂದರು, ಎಲ್ಲರಿಗೂ ಕೇಳುವಂತೆ. ಆಮೇಲೆ ಮೆಲ್ಲಗೆ, "ಯಾಕಮ್ಮ ಉಗುಳಿದೆ?" ಎಂದು ಕೇಳಿದರು.

"ಕಾರಣ ಕೊಡಬೇಕಾಗಿಲ್ಲ. ಕಾರಣ ಕೇಳೋದು ಮೂಲದಲ್ಲಿ ಇಲ್ಲ. ನೀವೇ ಹೇಳಿದ್ದು."

"ಅದು ತರಗತಿಯಲ್ಲಿ ಹೇಳಿದ್ದು."

"ನಾವೂ ಅಲ್ಲೇ ಕೇಳಿದ್ದು, ಮೇಷ್ಟ್ರೇ. ಹೊರಗೆ ಬುಟ್ಟಿ ಮೇಲೆ ಕೂತು ಕೇಳಿದವಳು ಒಳಗಿದ್ದಾಳೆ. ನೀವು ಹೇಳಿದ್ದನ್ನ ಇಡೀ ಊರಲ್ಲಿ ನಂಬಿದ್ದು ನಾವಿಬ್ಬರೇನಾ? ನಿಮಗೂ ನಂಬಿಕೆ ಇರಲಿಲ್ಲವಾ?"

"ನಿನ್ನಕ್ಕ ಇವತ್ತು ಮನೆಗೆ ಬರುತ್ತಿದ್ದಳು," ಎಂದರು ಮೇಷ್ಟ್ರು. "ಅದಕ್ಕಾಗಿ ಒಳಗೆ ಎಷ್ಟು ಜನರ ಕಾಲು ಹಿಡಿದಿದ್ದೇನೆ, ನಿನಗೆ ಗೊತ್ತಿಲ್ಲ. ಆ ಒಂದು ಸಾಲನ್ನು ಸೇರಿಸಿಕೊಳ್ಳಲು ಉಳಿದ ಸಾಲುಗಳನ್ನು ಒಪ್ಪಬೇಕಾಯಿತು. ಒಳಗಿನ ಕೆಲಸ ಹಾಗೆಯೇ ನಡೆಯುವುದು. ಹೊರಗೆ ನಿಂತವರಿಗೆ ಅದು ತಿಳಿಯುವುದಿಲ್ಲ."

"ಕೆರೆ ಕಾನೂನಿನ ದಿನ ನೀವು ಯಾಕೆ ಉಗುಳಲಿಲ್ಲ?"

ಮೇಷ್ಟ್ರು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಕಾವಲಿನ ಹಿರಿಯನ ಕಡೆಗೆ ತಿರುಗಿ ತಲೆಯಾಡಿಸಿದರು.

ತಂಗಿಯನ್ನು ಕರೆದುಕೊಂಡು ಹೊರಟರು. ಮುಂದೆ ಕಾವಲಿನವರು, ನಡುವೆ ತಂಗಿ, ಹಿಂದೆ ಮೇಷ್ಟ್ರು, ಅವರ ಹಿಂದೆ ಊರು. ಸಂತೆಬೀದಿಯನ್ನು ಹಾದು ಹೋಗುವಾಗ ಗಾಣದವನು ಜನರ ನಡುವಿನಿಂದ ಮೇಷ್ಟ್ರ ಪಕ್ಕಕ್ಕೆ ಬಂದು, "ಮೇಷ್ಟ್ರೇ, ಕೊನೆಯಲ್ಲಿ ಏನೋ ಓದಿದಿರಂತಲ್ಲ, ಏನದು?" ಎಂದು ಕೇಳಿದ. ಮೇಷ್ಟ್ರು ಕೇಳಿಸದವರ ಹಾಗೆ ನಡೆದರು. ಅವನು ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ಅವನ ಜೊತೆ ಇನ್ನೂ ಕೆಲವರು ಕೇಳಿದರು.

ಕಿಟಕಿಯಿಲ್ಲದ ಮನೆ ಬಂತು. ಕಾವಲಿನವನು ಎದ್ದು ನಿಂತ. ಬಾಗಿಲ ಹಿಂದಿನಿಂದ ಅಕ್ಕನ ಧ್ವನಿ ಬಂತು, ಕೆಮ್ಮಿನ ನಡುವೆ.

"ನಗಾರಿ ಕೇಳಿಸಲೇ ಇಲ್ಲ. ಏನಾಯ್ತೇ?"

"ಬಿತ್ತು ಅಕ್ಕ."

"ಯಾರು ಉಗುಳಿದ್ದು?"

"ನಾನು."

ಊರೆಲ್ಲ ಆ ಬಾಗಿಲನ್ನೇ ನೋಡುತ್ತಿತ್ತು. "ಕೊನೆಯವರೆಗೂ ಕೇಳಿದೆಯಾ?" ಎಂದಳು ಅಕ್ಕ.

"ಕೇಳಿದೆ."

"ಸರಿ ಬಿಡು," ಎಂದಳು ಅಕ್ಕ. ಬಾಗಿಲ ಆಚೆ ಅವಳು ಪಕ್ಕಕ್ಕೆ ಸರಿದು ಚಾಪೆ ಎಳೆದ ಸದ್ದಾಯಿತು.

ಕಾವಲಿನ ಹಿರಿಯ ಬಾಗಿಲ ಮುಂದೆ ನಿಂತು ಹಿಂದಕ್ಕೆ ತಿರುಗಿ ಕೈ ಚಾಚಿದ. ಮೇಷ್ಟ್ರು ಸುತ್ತ ನಿಂತ ಜನರನ್ನು ಒಮ್ಮೆ ನೋಡಿದರು. ಆಮೇಲೆ ಶಾಲು ಸರಿಸಿ, ಪಂಚೆಯ ಮಡಿಕೆಯೊಳಗೆ ಕೈ ಹಾಕಿ, ಸೊಂಟಕ್ಕೆ ಕಟ್ಟಿದ್ದ ಕೀಲಿಕೈಯನ್ನು ಬಿಚ್ಚಿ ಅವನ ಅಂಗೈಯಲ್ಲಿ ಇಟ್ಟರು.

ಅದನ್ನು ಕಟ್ಟಿದ್ದ ಬಿಳಿಯ ದಾರ ಅವರ ಮೈಬೆವರಿಗೆ ಕಪ್ಪಾಗಿತ್ತು.